ಒಂಟಿ ಕುಬ್ಜ ಗೆಲಾಕ್ಸಿಗಳು: ನಕ್ಷತ್ರ ಹೇಗೆ ಹುಟ್ಟುತ್ತದೆ, ಗಾತ್ರ ಯಾಕೆ ಬದಲಾಗುತ್ತದೆ?

2025ರ ಜೂನ್ 23ರಂದು ಚಿಲಿ ದೇಶದ ವೆರಾ ರೂಬಿನ್ ವೀಕ್ಷಣಾಲಯ ತನ್ನ ಮೊದಲ ಚಿತ್ರಗಳನ್ನು ಜನರ ಮುಂದಿಟ್ಟಿತು. ಅವುಗಳಲ್ಲಿ ಒಂದು, ಕನ್ಯಾ ರಾಶಿಯ ದಿಕ್ಕಿನ ಗೆಲಾಕ್ಸಿ ಗುಂಪಿನದು. ಮೊದಲು ಕಣ್ಣಿಗೆ ಬೀಳುವುದು ಸುರುಳಿ ತೋಳು ಚಾಚಿದ ದೊಡ್ಡ ಗೆಲಾಕ್ಸಿಗಳು. ಆದರೆ ಚಿತ್ರವನ್ನು ಬೆರಳಿನಿಂದ ಹಿಗ್ಗಿಸುತ್ತಾ ಹೋದರೆ ಖಾಲಿ ಅಂದುಕೊಂಡಿದ್ದ ಕಪ್ಪು ಜಾಗದಲ್ಲೆಲ್ಲ ಮಸುಕು ಮಸುಕಾದ ಚುಕ್ಕೆಗಳು ಕಾಣುತ್ತವೆ. ಕೆಲವು ತುಂಬ ದೂರದ ದೊಡ್ಡ ಗೆಲಾಕ್ಸಿಗಳು. ಇನ್ನು ಕೆಲವು ಹತ್ತಿರದಲ್ಲೇ ಇದ್ದರೂ ಹುಟ್ಟಾ ಚಿಕ್ಕವು. ಅವೇ ಕುಬ್ಜ ಗೆಲಾಕ್ಸಿಗಳು.

ರೂಬಿನ್ ವೀಕ್ಷಣಾಲಯ ಹತ್ತು ವರ್ಷ ದಕ್ಷಿಣದ ಆಕಾಶದ ಚಿತ್ರವನ್ನು ಮತ್ತೆ ಮತ್ತೆ ತೆಗೆಯಲಿದೆ. ಇದುವರೆಗೆ ಕಣ್ಣಿಗೆ ಬೀಳದ ಮಂಕು ಗೆಲಾಕ್ಸಿಗಳನ್ನು ಹುಡುಕುವುದೂ ಅದರ ಕೆಲಸಗಳಲ್ಲೊಂದು. ಹಾಗಾಗಿ ಮುಂದಿನ ವರ್ಷಗಳಲ್ಲಿ 'ಕುಬ್ಜ ಗೆಲಾಕ್ಸಿ' ಅನ್ನುವ ಮಾತು ಸುದ್ದಿಯಲ್ಲಿ ಆಗಾಗ ಕೇಳಿಬರುತ್ತದೆ. ಅವುಗಳಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಒಂಟಿಯಾಗಿರುವವು. ಅಕ್ಕಪಕ್ಕ ಯಾರೂ ಇಲ್ಲದೆ ತಮ್ಮಷ್ಟಕ್ಕೆ ತಾವು ಬದುಕುವ ಪುಟ್ಟ ಗೆಲಾಕ್ಸಿಗಳು.

## ಎಷ್ಟು ಚಿಕ್ಕದಾದರೆ ಕುಬ್ಜ?

ಗೆಲಾಕ್ಸಿ ಅಂದರೆ ನಕ್ಷತ್ರ, ಅನಿಲ, ದೂಳು ಮತ್ತು ಕಣ್ಣಿಗೆ ಕಾಣದ ಕಪ್ಪುದ್ರವ್ಯ ಇವೆಲ್ಲ ಗುರುತ್ವದ ಹಿಡಿತದಲ್ಲಿ ಒಟ್ಟಿಗೆ ಇರುವ ಸಂಸಾರ. ನಾವಿರುವ ಆಕಾಶಗಂಗೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ಒಂದು ಜ್ಯೋತಿರ್ವರ್ಷ ಅಂದರೆ ಬೆಳಕು ಒಂದು ವರ್ಷದಲ್ಲಿ ಓಡುವ ದೂರ, ಸುಮಾರು 9.5 ಲಕ್ಷ ಕೋಟಿ ಕಿಲೋಮೀಟರ್. ಆಕಾಶಗಂಗೆಯಲ್ಲಿ ಕಡಿಮೆ ಅಂದರೂ 10 ಸಾವಿರ ಕೋಟಿ ನಕ್ಷತ್ರಗಳಿವೆ.

ಕುಬ್ಜ ಗೆಲಾಕ್ಸಿಗೆ ಗೆರೆ ಎಳೆದಂಥ ಒಂದು ಅಳತೆ ಇಲ್ಲ. ಅದರ ನಕ್ಷತ್ರಗಳನ್ನೆಲ್ಲ ಒಟ್ಟು ತೂಗಿದರೆ ಕೆಲವು ನೂರು ಕೋಟಿ ಸೂರ್ಯರ ತೂಕಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಕುಬ್ಜ ಅನ್ನುತ್ತಾರೆ. ತೀರಾ ಪುಟ್ಟವುಗಳಲ್ಲಿ ಕೆಲವೇ ಸಾವಿರ ನಕ್ಷತ್ರಗಳಿರುತ್ತವೆ. ವಿಶ್ವದಲ್ಲಿ ಎಣಿಕೆಗೆ ಇಳಿದರೆ ಇವುಗಳೇ ಜಾಸ್ತಿ. ದೊಡ್ಡ ಸುರುಳಿ ಗೆಲಾಕ್ಸಿಗಳು ಎದ್ದು ಕಾಣುವುದರಿಂದ ನಾವು ಅವನ್ನೇ ಮಾದರಿ ಅಂದುಕೊಂಡಿದ್ದೇವೆ, ಅಷ್ಟೇ.

ಬರಿಗಣ್ಣಿಗೆ ಕಾಣುವ ಕುಬ್ಜಗಳೂ ಇವೆ. ದೊಡ್ಡ ಮತ್ತು ಚಿಕ್ಕ ಮೆಗಲ್ಲನ್ ಮೋಡಗಳು ಅಂತ ಅವುಗಳ ಹೆಸರು. ಆಸ್ಟ್ರೇಲಿಯಾದಲ್ಲಿ ಕತ್ತಲ ರಾತ್ರಿ ತಲೆ ಎತ್ತಿದರೆ ಹರಿದ ಹತ್ತಿಯ ಎಸಳಿನಂತೆ ಕಾಣುತ್ತವೆ. ಕರ್ನಾಟಕದಿಂದ ನೋಡಿದರೆ ದಕ್ಷಿಣ ದಿಗಂತದಿಂದ ಕೆಲವೇ ಡಿಗ್ರಿ ಮೇಲಕ್ಕೆ ಬರುತ್ತವೆ, ಆ ಎತ್ತರದಲ್ಲಿ ದೂಳು, ಮಂಜು, ಊರಿನ ಬೆಳಕು ಅವನ್ನು ನುಂಗಿಬಿಡುತ್ತವೆ. ಆದರೆ ಈ ಎರಡೂ ಒಂಟಿಯಲ್ಲ. ಆಕಾಶಗಂಗೆಯ ಮಗ್ಗುಲಲ್ಲೇ ಇವೆ.

## ಒಂಟಿಯವನ್ನೇ ಯಾಕೆ ಹುಡುಕಬೇಕು?

ದೊಡ್ಡ ಆಲದ ಮರದ ಕೆಳಗೆ ಒಂದು ಗಿಡ ಬೆಳೆದಿದೆ ಅಂದುಕೊಳ್ಳಿ. ಅದು ಸೊರಗಿದೆ. ಸೊರಗಿದ್ದು ಅದರ ಜಾತಿಗುಣವೋ, ಮರದ ನೆರಳಿನ ಕಾರಣವೋ? ಅಲ್ಲೇ ನಿಂತು ನೋಡಿದರೆ ಹೇಳಲು ಆಗುವುದಿಲ್ಲ. ಅದೇ ಜಾತಿಯ ಗಿಡವನ್ನು ಬಯಲಲ್ಲಿ ಹುಡುಕಬೇಕು.

ಕುಬ್ಜ ಗೆಲಾಕ್ಸಿಗಳದ್ದೂ ಇದೇ ಕಥೆ. ನಮಗೆ ಚೆನ್ನಾಗಿ ಗೊತ್ತಿರುವ ಕುಬ್ಜಗಳಲ್ಲಿ ತುಂಬ ಆಕಾಶಗಂಗೆಯನ್ನೋ ಆಂಡ್ರೊಮಿಡಾ ಗೆಲಾಕ್ಸಿಯನ್ನೋ ಸುತ್ತುತ್ತಿರುವಂಥವು. ಅವುಗಳಲ್ಲಿ ಹೆಚ್ಚಿನವು ನಕ್ಷತ್ರ ಹುಟ್ಟಿಸುವುದನ್ನು ಎಂದೋ ನಿಲ್ಲಿಸಿವೆ. ಅನಿಲ ಖಾಲಿ, ಉಳಿದಿರುವುದು ಮುದಿ ನಕ್ಷತ್ರಗಳು ಮಾತ್ರ.

ದೊಡ್ಡ ಗೆಲಾಕ್ಸಿಯ ಸುತ್ತ ಬಿಸಿ, ತೆಳು ಅನಿಲ ಹರಡಿಕೊಂಡಿರುತ್ತದೆ. ಕುಬ್ಜ ಗೆಲಾಕ್ಸಿ ಅದರೊಳಗೆ ನುಗ್ಗಿ ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಓಡುವಾಗ ಎದುರುಗಾಳಿ ಹೊಡೆದಂತಾಗುತ್ತದೆ. ಕಣದಲ್ಲಿ ರಾಗಿ ತೂರುವುದನ್ನು ನೋಡಿದ್ದೀರಲ್ಲ? ಮೊರ ಎತ್ತಿ ಹಿಡಿದು ಸುರಿದರೆ ಹೊಟ್ಟು ಗಾಳಿಗೆ ಹಾರುತ್ತದೆ, ಕಾಳು ನೇರ ಕೆಳಗೆ ಬೀಳುತ್ತದೆ. ಇಲ್ಲಿ ಹೊಟ್ಟಿನ ಜಾಗದಲ್ಲಿ ಕುಬ್ಜದ ಅನಿಲ, ಕಾಳಿನ ಜಾಗದಲ್ಲಿ ನಕ್ಷತ್ರಗಳು. ನಕ್ಷತ್ರಗಳಿಗೆ ಆ ಗಾಳಿ ತಾಕುವುದೇ ಇಲ್ಲ, ಅನಿಲ ಮಾತ್ರ ಹಾರಿಹೋಗುತ್ತದೆ. ರಾಗಿಗೆ ಇದು ಒಳ್ಳೆಯದು. ಗೆಲಾಕ್ಸಿಗೆ ಹಾಗಲ್ಲ, ಹಾರಿಹೋದದ್ದು ಅದರ ಬಿತ್ತನೆಬೀಜ. ಇದರ ಜೊತೆಗೆ ದೊಡ್ಡ ಗೆಲಾಕ್ಸಿಯ ಗುರುತ್ವ ಕುಬ್ಜವನ್ನು ಒಂದು ಕಡೆಯಿಂದ ಜಾಸ್ತಿ, ಇನ್ನೊಂದು ಕಡೆಯಿಂದ ಕಡಿಮೆ ಎಳೆದು ಅದರ ಆಕಾರ, ಗಾತ್ರ ಎರಡನ್ನೂ ಕೆಡಿಸುತ್ತದೆ.

ಹಾಗಾದರೆ ಈ ಯಾವ ಕಾಟವೂ ಇಲ್ಲದ ಕುಬ್ಜ ಏನು ಮಾಡುತ್ತದೆ? 2012ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮಾರ್ಲಾ ಗೇಹಾ ಮತ್ತು ಜೊತೆಗಾರರು, ಸ್ಲೋನ್ ಡಿಜಿಟಲ್ ಸ್ಕೈ ಸರ್ವೇ ಎಂಬ ದೊಡ್ಡ ಆಕಾಶ ಸಮೀಕ್ಷೆಯ ಮಾಹಿತಿ ಇಟ್ಟುಕೊಂಡು ಈ ಪ್ರಶ್ನೆಗೆ ಉತ್ತರ ಹುಡುಕಿದರು. ಯಾವುದೇ ದೊಡ್ಡ ಗೆಲಾಕ್ಸಿಯಿಂದ ಸುಮಾರು 50 ಲಕ್ಷ ಜ್ಯೋತಿರ್ವರ್ಷಕ್ಕಿಂತ ದೂರ ಇರುವ ಕುಬ್ಜಗಳನ್ನು ಒಂಟಿ ಅಂತ ಲೆಕ್ಕ ಹಿಡಿದರು. ನಮಗೂ ಆಂಡ್ರೊಮಿಡಾಗೂ ಇರುವ ದೂರ 25 ಲಕ್ಷ ಜ್ಯೋತಿರ್ವರ್ಷ, ಅದರ ಎರಡರಷ್ಟು. 100 ಕೋಟಿ ಸೂರ್ಯರಿಗಿಂತ ಹಗುರವಾದ ಇಂಥ ಒಂಟಿ ಗೆಲಾಕ್ಸಿಗಳಲ್ಲಿ ನಕ್ಷತ್ರ ಹುಟ್ಟು ನಿಂತುಹೋದವು ಎಷ್ಟು ಸಿಕ್ಕವು ಗೊತ್ತಾ? ಶೇಕಡಾ 0.06ಕ್ಕಿಂತ ಕಡಿಮೆ. ಹತ್ತು ಸಾವಿರದಲ್ಲಿ ಆರೂ ಇಲ್ಲ.

ಇದನ್ನು ಮೊದಲ ಸಲ ಓದಿದಾಗ ನನಗೆ ನಂಬಲು ಕಷ್ಟವಾಯಿತು. ಅಷ್ಟು ಬಡ, ಅಷ್ಟು ಹಗುರ ಗೆಲಾಕ್ಸಿಗಳು ಬೇಗ ನಂದಿಹೋಗುತ್ತವೆ ಅಂತ ತಾನೇ ಅನ್ನಿಸುತ್ತದೆ? ನಡೆದದ್ದು ಉಲ್ಟಾ. ಅವುಗಳ ಪಾಡಿಗೆ ಬಿಟ್ಟರೆ ಅವು ಹೆಚ್ಚುಕಡಿಮೆ ನಂದುವುದೇ ಇಲ್ಲ.

## ಒಲೆ ಉರಿಯುವುದು ನಿಧಾನ

ನಕ್ಷತ್ರ ಹುಟ್ಟಲು ಬೇಕಾದ ಕಚ್ಚಾ ಸಾಮಾನು ಹೈಡ್ರೋಜನ್ ಅನಿಲ. ಅನಿಲ ಇದ್ದರೆ ಸಾಲದು, ಅದು ತಣ್ಣಗಾಗಬೇಕು. ಬಿಸಿ ಅನಿಲ ಉಬ್ಬಿಕೊಂಡಿರುತ್ತದೆ, ಗುರುತ್ವ ಎಷ್ಟು ಅದುಮಿದರೂ ಬಗ್ಗುವುದಿಲ್ಲ. ಮೈನಸ್ 250 ಡಿಗ್ರಿಯ ಆಸುಪಾಸಿಗೆ ಇಳಿದ ಮೇಲೆ ಮೋಡದ ದಟ್ಟ ಭಾಗಗಳು ತಮ್ಮ ಭಾರಕ್ಕೆ ತಾವೇ ಕುಸಿಯುತ್ತವೆ. ಕುಸಿದು ಕುಸಿದು ನಡುವೆ ಬಿಸಿ ಏರುತ್ತದೆ, ಕೊನೆಗೆ ಪರಮಾಣು ಒಲೆ ಹೊತ್ತಿಕೊಳ್ಳುತ್ತದೆ. ಅಲ್ಲಿಗೆ ಒಂದು ನಕ್ಷತ್ರ.

ಅನಿಲ ತಣ್ಣಗಾಗಲು ನೆರವಾಗುವುದು ಇಂಗಾಲ, ಆಮ್ಲಜನಕದಂಥ ಭಾರದ ಮೂಲವಸ್ತುಗಳು ಮತ್ತು ದೂಳು. ಖಗೋಳ ವಿಜ್ಞಾನಿಗಳ ಮಾತಿನಲ್ಲಿ ಒಂದು ವಿಚಿತ್ರ ರೂಢಿ ಇದೆ. ಹೈಡ್ರೋಜನ್, ಹೀಲಿಯಂ ಬಿಟ್ಟು ಉಳಿದ ಎಲ್ಲವನ್ನೂ ಅವರು 'ಲೋಹ' ಅನ್ನುತ್ತಾರೆ, ಆಮ್ಲಜನಕವನ್ನೂ ಸೇರಿಸಿ. ಈ ಲೋಹಗಳು ಹಳೆಯ ನಕ್ಷತ್ರಗಳ ಒಲೆಯಲ್ಲಿ ಬೆಂದು ಬಂದ ಬೂದಿ. ಹೆಚ್ಚು ತಲೆಮಾರು ನಕ್ಷತ್ರ ಹುಟ್ಟಿ ಸತ್ತ ಗೆಲಾಕ್ಸಿಯಲ್ಲಿ ಬೂದಿ ಜಾಸ್ತಿ. ಕುಬ್ಜಗಳಲ್ಲಿ ಕಡಿಮೆ. ಹಾಗಾಗಿ ಅಲ್ಲಿನ ಅನಿಲ ತಣ್ಣಗಾಗುವುದೂ ನಿಧಾನ, ನಕ್ಷತ್ರ ಹುಟ್ಟುವುದೂ ನಿಧಾನ. ಸೌದೆ ರಾಶಿ ಇದೆ, ಒಲೆ ಮಾತ್ರ ಸಣ್ಣ ಉರಿಯಲ್ಲಿದೆ. ಅದಕ್ಕೇ ಅಷ್ಟು ಕಾಲ ಬಾಳುತ್ತದೆ.

## ಲಿಯೋ ಪಿ: ಹತ್ತಿರದಿಂದ ಒಂದು ನೋಟ

ಸಿಂಹ ರಾಶಿಯ ದಿಕ್ಕಿನಲ್ಲಿ, ನಮ್ಮಿಂದ ಸುಮಾರು 53 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ ಲಿಯೋ ಪಿ ಎಂಬ ಗೆಲಾಕ್ಸಿ ಇದೆ. ಇದನ್ನು ಮೊದಲು ಹಿಡಿದದ್ದು ಕಣ್ಣಿಗೆ ಕಾಣುವ ಬೆಳಕಿನಿಂದಲ್ಲ, ರೇಡಿಯೋ ಅಲೆಗಳಿಂದ. ತಣ್ಣನೆಯ ಹೈಡ್ರೋಜನ್ 21 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆಯನ್ನು ತಾನಾಗಿಯೇ ಹೊಮ್ಮಿಸುತ್ತದೆ. ಪೋರ್ಟೊರಿಕೋದ ಅರೆಸಿಬೋದಲ್ಲಿದ್ದ 305 ಮೀಟರ್ ಅಗಲದ ಬೃಹತ್ ತಟ್ಟೆ ಆ ಸದ್ದನ್ನು ಕೇಳಿಸಿಕೊಂಡಿತು. 2013ರಲ್ಲಿ ಶೋಧ ಪ್ರಕಟವಾಯಿತು. (ಆ ತಟ್ಟೆ 2020ರ ಡಿಸೆಂಬರ್ 1ರಂದು ಕುಸಿದುಬಿತ್ತು. ಅದರ ಕೊನೆಯ ವರ್ಷಗಳ ಒಳ್ಳೆಯ ಫಸಲುಗಳಲ್ಲಿ ಇದೂ ಒಂದು.)

ಲಿಯೋ ಪಿಯ ನಕ್ಷತ್ರಗಳ ಒಟ್ಟು ತೂಕ ಸುಮಾರು ಐದೂವರೆ ಲಕ್ಷ ಸೂರ್ಯರಷ್ಟು. ಹೈಡ್ರೋಜನ್ ಸುಮಾರು ಎಂಟು ಲಕ್ಷ ಸೂರ್ಯರಷ್ಟು. ಅಂದರೆ ನಕ್ಷತ್ರವಾಗಿ ಮಾರ್ಪಟ್ಟದ್ದಕ್ಕಿಂತ ಇನ್ನೂ ಉಳಿದಿರುವ ಸೌದೆಯೇ ಜಾಸ್ತಿ. ವಿಶ್ವದ ವಯಸ್ಸು 1380 ಕೋಟಿ ವರ್ಷ. ಅಷ್ಟೂ ಕಾಲಕ್ಕೆ ಸರಾಸರಿ ತೆಗೆದರೆ ಈ ಗೆಲಾಕ್ಸಿ ಸುಮಾರು 25 ಸಾವಿರ ವರ್ಷಕ್ಕೊಮ್ಮೆ ಒಂದು ಸೂರ್ಯನಷ್ಟು ನಕ್ಷತ್ರ ಮಾಡಿದೆ. ಆಕಾಶಗಂಗೆ ಈಗ ವರ್ಷಕ್ಕೆ ಒಂದೆರಡು ಸೂರ್ಯರಷ್ಟು ಮಾಡುತ್ತಿದೆ.

ಅದರ ಅನಿಲದಲ್ಲಿ ಆಮ್ಲಜನಕದ ಪ್ರಮಾಣ ಸೂರ್ಯನಲ್ಲಿರುವುದರ ನೂರರಲ್ಲಿ ಮೂರು ಪಾಲು ಮಾತ್ರ. ಹೆಸರಿನಲ್ಲಿರುವ 'ಪಿ' ಅಕ್ಷರ ಬಂದಿರುವುದೂ ಮುಟ್ಟದ, ಮಾಸದ ಎಂಬ ಅರ್ಥದ ಇಂಗ್ಲಿಷ್ ಪದದಿಂದ. ಲೆಕ್ಕ ಹಾಕಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಇಷ್ಟು ನಕ್ಷತ್ರ ಹುಟ್ಟಿ ಸತ್ತಿದ್ದರೆ ಎಷ್ಟು ಆಮ್ಲಜನಕ ತಯಾರಾಗಿರಬೇಕು ಅಂತ ನಮಗೆ ಗೊತ್ತು. ಅದರಲ್ಲಿ ಸುಮಾರು ಶೇಕಡಾ 5 ಮಾತ್ರ ಗೆಲಾಕ್ಸಿಯಲ್ಲಿ ಸಿಕ್ಕಿತು. ಉಳಿದ 95 ಪಾಲು ಆಚೆ ಹೋಗಿಬಿಟ್ಟಿದೆ. ನೆರೆಯವರು ಯಾರೂ ಕಿತ್ತುಕೊಂಡದ್ದಲ್ಲ, ಅಲ್ಲಿ ನೆರೆಯವರೇ ಇಲ್ಲ. ಮತ್ತೆ ಹೋದದ್ದು ಹೇಗೆ?

## ಚಿಕ್ಕ ಪಾತ್ರೆಯಲ್ಲಿ ಹಾಲು

ಒಲೆಯ ಮೇಲೆ ಪುಟ್ಟ ಪಾತ್ರೆಯಲ್ಲಿ ಹಾಲಿಟ್ಟು ನೋಡಿ. ಸುಮ್ನೆ ಇದ್ದ ಹಾಲು ಒಂದೇ ಕ್ಷಣದಲ್ಲಿ ಏರಿ ಉಕ್ಕಿಬಿಡುತ್ತದೆ. ಉರಿ ತಗ್ಗಿಸಿದರೆ ಇಳಿಯುತ್ತದೆ, ಮತ್ತೆ ಏರಿಸಿದರೆ ಮತ್ತೆ ಉಕ್ಕುತ್ತದೆ. ಅಷ್ಟೇ ಹಾಲನ್ನು ದೊಡ್ಡ ಕೊಳಗದಲ್ಲಿ ಕಾಯಿಸಿದರೆ ನೊರೆ ಎದ್ದರೂ ಅಂಚು ದಾಟುವುದಿಲ್ಲ.

ಗೆಲಾಕ್ಸಿಯ ಮಟ್ಟಿಗೆ ಪಾತ್ರೆ ಅಂದರೆ ಗುರುತ್ವ. ಒಂದು ಕಡೆ ಅನಿಲ ಜಮಾಯಿಸಿ ಒಮ್ಮೆಲೇ ಸಾಕಷ್ಟು ನಕ್ಷತ್ರ ಹುಟ್ಟುತ್ತವೆ. ಅವುಗಳಲ್ಲಿ ಕೆಲವು ಸೂರ್ಯನಿಗಿಂತ ಹತ್ತಾರು ಪಟ್ಟು ಭಾರ. ಭಾರದ ನಕ್ಷತ್ರದ ಆಯಸ್ಸು ಕಡಿಮೆ, ಕೆಲವೇ ದಶಲಕ್ಷ ವರ್ಷ. ಬದುಕಿದ್ದಾಗ ಅದು ಸುತ್ತಲ ಅನಿಲವನ್ನು ನೇರಳಾತೀತ ಬೆಳಕಿನಿಂದ ಕಾಯಿಸುತ್ತದೆ, ಸಾಯುವಾಗ ಸೂಪರ್‌ನೋವಾ ಆಗಿ ಸಿಡಿಯುತ್ತದೆ. ಸಿಡಿದ ಅನಿಲ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ನುಗ್ಗಿ ಎದುರಿಗೆ ಸಿಕ್ಕಿದ್ದನ್ನೆಲ್ಲ ತಳ್ಳುತ್ತದೆ. ಆಕಾಶಗಂಗೆಯಲ್ಲಿ ಸೂರ್ಯನ ಹತ್ತಿರದಿಂದ ಹೊರಗೆ ಪಾರಾಗಬೇಕಾದರೆ ಸೆಕೆಂಡಿಗೆ 500 ಕಿಲೋಮೀಟರಿಗಿಂತ ಜಾಸ್ತಿ ವೇಗ ಬೇಕು. ಪುಟ್ಟ ಕುಬ್ಜದಲ್ಲಿ ಅದರ ಹತ್ತನೇ ಒಂದು ಪಾಲು ಇದ್ದರೂ ಸಾಕಾಗಬಹುದು. ಅನಿಲ ಸಲೀಸಾಗಿ ಉಕ್ಕಿ ಹೋಗುತ್ತದೆ, ಜೊತೆಗೆ ಹೊಸದಾಗಿ ಬೆಂದ ಬೂದಿಯನ್ನೂ ಒಯ್ಯುತ್ತದೆ. ಲಿಯೋ ಪಿಯ ಆಮ್ಲಜನಕ ಹೋದ ದಾರಿ ಇದೇ.

ಉಕ್ಕಿದ್ದೆಲ್ಲ ಚೆಲ್ಲಿ ಹೋಗುವುದಿಲ್ಲ. ಸಾಕಷ್ಟು ಅನಿಲ ಸ್ವಲ್ಪ ದೂರ ಹೋಗಿ, ತಣ್ಣಗಾಗಿ, ಮತ್ತೆ ಒಳಕ್ಕೆ ಇಳಿಯುತ್ತದೆ. ಅಷ್ಟರವರೆಗೆ ನಕ್ಷತ್ರ ಹುಟ್ಟು ಮಂದ. ಅನಿಲ ಮರಳಿ ನಡುವೆ ಸೇರಿದಾಗ ಮತ್ತೆ ಜೋರು. ಹೀಗೆ ಕುಬ್ಜಗಳಲ್ಲಿ ನಕ್ಷತ್ರ ಹುಟ್ಟುವುದು ನಲ್ಲಿ ನೀರಿನಂತೆ ಒಂದೇ ಸಮನೆ ಹರಿಯುವುದಿಲ್ಲ, ಭರ್ರನೆ ಬಂದು ನಿಂತು ಮತ್ತೆ ಬರುತ್ತದೆ.

ಇದನ್ನು ಕಂಡುಹಿಡಿಯುವ ಉಪಾಯ ಚೆನ್ನಾಗಿದೆ. ಅಡುಗೆಮನೆಗೆ ಹೋಗಿ ಸೌದೆ ಒಲೆ ನೋಡಿದರೆ ಉರಿ ಇದೆಯಾ, ಕೆಂಡ ಇದೆಯಾ ಅಂತ ಗೊತ್ತಾಗುತ್ತದೆ ಅಲ್ವಾ? ಉರಿ ಈಗಿನದು, ಕೆಂಡ ಸ್ವಲ್ಪ ಹೊತ್ತಿನ ಹಿಂದಿನದು. ಗೆಲಾಕ್ಸಿಯಲ್ಲಿ ಉರಿಯ ಕೆಲಸ ಮಾಡುವುದು ಎಚ್-ಆಲ್ಫಾ ಎಂಬ ಕೆಂಪು ಬೆಳಕು. ಅದು ತೀರಾ ಭಾರದ ನಕ್ಷತ್ರಗಳ ಸುತ್ತ ಮಾತ್ರ ಹೊಮ್ಮುತ್ತದೆ, ಹಾಗಾಗಿ ಕಳೆದ 1 ಕೋಟಿ ವರ್ಷದೊಳಗಿನ ಸುದ್ದಿ ಹೇಳುತ್ತದೆ. ಕೆಂಡದ ಕೆಲಸ ನೇರಳಾತೀತ ಬೆಳಕಿನದು. ಮಧ್ಯಮ ತೂಕದ ನಕ್ಷತ್ರಗಳೂ ಅದನ್ನು ಕೊಡುತ್ತವೆ, ಅದು ಸುಮಾರು 10 ಕೋಟಿ ವರ್ಷದ ಲೆಕ್ಕ ಹೇಳುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಈ ಗೆಲಾಕ್ಸಿಯ ಒಲೆ ಈಗ ಏರುತ್ತಿದೆಯೋ, ಇಳಿಯುತ್ತಿದೆಯೋ ತಿಳಿಯುತ್ತದೆ. ಕುಬ್ಜಗಳಲ್ಲಿ ಈ ಎರಡರ ತಾಳ ತಪ್ಪುವುದು ದೊಡ್ಡ ಗೆಲಾಕ್ಸಿಗಳಿಗಿಂತ ಜಾಸ್ತಿ.

## ಅಂಚೇ ಇಲ್ಲದ್ದನ್ನು ಅಳೆಯುವುದು ಹೇಗೆ?

ಈಗ ಗಾತ್ರದ ಮಾತು. ಚಾಮುಂಡಿ ಬೆಟ್ಟದ ಮೇಲೆ ನಿಂತು ರಾತ್ರಿ ಮೈಸೂರು ನೋಡಿ. ಅರಮನೆಯ ಸುತ್ತ ದೀಪಗಳು ದಟ್ಟ. ಹೊರಗೆ ಹೋದಂತೆ ತೆಳುವಾಗುತ್ತಾ ಹೋಗುತ್ತವೆ. ಆಮೇಲೆ ಅಲ್ಲೊಂದು ಇಲ್ಲೊಂದು ತೋಟದ ಮನೆ. ಮೈಸೂರು ಎಲ್ಲಿಗೆ ಮುಗಿಯಿತು ಅಂತ ಬೆರಳು ಮಾಡಿ ತೋರಿಸಲು ಆಗುತ್ತದಾ?

ಗೆಲಾಕ್ಸಿಗೂ ಅಂಚಿಲ್ಲ. ಅದಕ್ಕೆ ಒಂದು ಸರಳ ಉಪಾಯ ಇದೆ. ನಡುವಿನಿಂದ ಶುರು ಮಾಡಿ ಒಂದು ವೃತ್ತವನ್ನು ದೊಡ್ಡದು ಮಾಡುತ್ತಾ ಹೋಗುವುದು. ಒಟ್ಟು ಬೆಳಕಿನ ಸರಿಯಾಗಿ ಅರ್ಧ ವೃತ್ತದೊಳಗೆ ಬಂದಾಗ ನಿಲ್ಲಿಸುವುದು. ಆ ವೃತ್ತದ ತ್ರಿಜ್ಯವೇ ಗೆಲಾಕ್ಸಿಯ ಗಾತ್ರ. ಇದನ್ನು ಅರ್ಧಬೆಳಕಿನ ತ್ರಿಜ್ಯ ಅನ್ನಬಹುದು. ತೀರಾ ಮಂಕು ಕುಬ್ಜಗಳಲ್ಲಿ ಇದು ನೂರು ಜ್ಯೋತಿರ್ವರ್ಷದ ಆಸುಪಾಸು, ದೊಡ್ಡ ಕುಬ್ಜಗಳಲ್ಲಿ ಕೆಲವು ಸಾವಿರ.

ಇಲ್ಲೊಂದು ಎಚ್ಚರಿಕೆ ಬೇಕು. ಈ ಅಳತೆ ಬೆಳಕಿನದು, ತೂಕದ್ದಲ್ಲ. ನಡುವೆ ಹೊಸದಾಗಿ ನಾಲ್ಕು ಪ್ರಖರ ನೀಲಿ ನಕ್ಷತ್ರ ಹುಟ್ಟಿದರೆ ಬೆಳಕು ನಡುವಿಗೆ ವಾಲುತ್ತದೆ, ಅರ್ಧಬೆಳಕಿನ ವೃತ್ತ ಚಿಕ್ಕದಾಗುತ್ತದೆ. ಒಂದು ನಕ್ಷತ್ರವೂ ಜಾಗ ಬದಲಿಸದೆ ಗೆಲಾಕ್ಸಿ ಕುಗ್ಗಿದಂತೆ ಕಾಣುತ್ತದೆ.

## ಉಸಿರಾಡುವ ಗೆಲಾಕ್ಸಿ

ಆದರೆ ನಿಜಕ್ಕೂ ನಕ್ಷತ್ರಗಳು ಜಾಗ ಬದಲಿಸುತ್ತವೆ ಅನ್ನುವುದಕ್ಕೂ ಒಳ್ಳೆಯ ಕಾರಣಗಳಿವೆ.

ಹಗ್ಗದ ತುದಿಗೆ ಕಲ್ಲು ಕಟ್ಟಿ ತಲೆಯ ಮೇಲೆ ತಿರುಗಿಸಿ. ಕೈಯ ಹಿಡಿತ ಕೊಂಚ ಸಡಿಲ ಬಿಟ್ಟರೆ ಹಗ್ಗ ಜಾರಿ ಕಲ್ಲಿನ ಸುತ್ತು ದೊಡ್ಡದಾಗುತ್ತದೆ. ಗೆಲಾಕ್ಸಿಯಲ್ಲಿ ನಕ್ಷತ್ರಗಳನ್ನು ಹಿಡಿದಿರುವ ಕೈ ನಡುವಿನ ಗುರುತ್ವ. ಅದರಲ್ಲಿ ಅನಿಲದ ಪಾಲೂ ಇದೆ, ಕುಬ್ಜಗಳಲ್ಲಿ ಆ ಪಾಲು ಚಿಕ್ಕದೇನಲ್ಲ. ಸೂಪರ್‌ನೋವಾಗಳು ನಡುವಿನ ಅನಿಲವನ್ನು ಹೊರಗೆ ತಳ್ಳಿದವು ಅಂದುಕೊಳ್ಳಿ. ಹಿಡಿತ ಸಡಿಲ. ನಕ್ಷತ್ರಗಳ ಸುತ್ತು ದೊಡ್ಡದಾಗುತ್ತದೆ, ಇಡೀ ಗೆಲಾಕ್ಸಿ ಹಿಗ್ಗುತ್ತದೆ. ಅನಿಲ ಮರಳಿದಾಗ ಹಿಡಿತ ಬಿಗಿಯಾಗಿ ಮತ್ತೆ ಕುಗ್ಗುತ್ತದೆ.

2016ರಲ್ಲಿ ಕರೀಂ ಎಲ್-ಬದ್ರಿ ಮತ್ತು ಜೊತೆಗಾರರು ಕಂಪ್ಯೂಟರಿನಲ್ಲಿ ಇಂಥ ಗೆಲಾಕ್ಸಿಗಳನ್ನು ಬೆಳೆಸಿ ನೋಡಿದರು. ಕೆಲವೇ ನೂರು ದಶಲಕ್ಷ ವರ್ಷದಲ್ಲಿ ಒಂದು ಕುಬ್ಜದ ಗಾತ್ರ ಎರಡು ಪಟ್ಟಿನಷ್ಟು ಏರುಪೇರಾಯಿತು. ಗೆಲಾಕ್ಸಿಯ ಆಯಸ್ಸಿಗೆ ಹೋಲಿಸಿದರೆ ಇದು ಒಂದು ಉಸಿರಿನಷ್ಟು ಹೊತ್ತು, ಅವರೂ ಇದನ್ನು ಉಸಿರಾಟ ಅಂತಲೇ ಕರೆದರು. ತೀರಾ ಪುಟ್ಟ ಗೆಲಾಕ್ಸಿಗಳಲ್ಲಿ ಇಷ್ಟು ಮಾಡಲು ಸಾಲುವಷ್ಟು ಸೂಪರ್‌ನೋವಾಗಳಿಲ್ಲ. ದೊಡ್ಡವುಗಳಲ್ಲಿ ಗುರುತ್ವ ಬಿಗಿ. ಸುಮಾರು 1 ಕೋಟಿಯಿಂದ ಕೆಲವು ನೂರು ಕೋಟಿ ಸೂರ್ಯರಷ್ಟು ತೂಕದ ನಡುವಿನವುಗಳಲ್ಲಿ ಈ ಉಸಿರಾಟ ಜೋರು.

ಈ ಲೆಕ್ಕದಿಂದ ಒಂದು ಹಳೆಯ ಗೊಂದಲ ತಿಳಿಯಾಗುತ್ತದೆ. ಎಷ್ಟೋ ಕುಬ್ಜಗಳಲ್ಲಿ ಎಳೆಯ ನಕ್ಷತ್ರಗಳು ನಡುವೆ, ಮುದಿ ನಕ್ಷತ್ರಗಳು ಹೊರಗೆ ಹರಡಿಕೊಂಡಿರುತ್ತವೆ. ನೋಡಿದ ಕೂಡಲೇ ಅನ್ನಿಸುವುದು, ಮೊದಲು ಹೊರಗೆಲ್ಲ ನಕ್ಷತ್ರ ಹುಟ್ಟಿ ಆಮೇಲೆ ನಡುವಿಗೆ ಕುಗ್ಗಿರಬೇಕು ಅಂತ. ಹಾಗೇ ಆಗಿರಬೇಕು ಅಂತೇನಿಲ್ಲ. ಮುದಿ ನಕ್ಷತ್ರಗಳೂ ನಡುವೆಯೇ ಹುಟ್ಟಿ, ನೂರಾರು ಕೋಟಿ ವರ್ಷ ಈ ಉಬ್ಬು-ತಗ್ಗಿಗೆ ಸಿಕ್ಕಿ, ಒಂದೊಂದು ಸಲವೂ ಒಂದಷ್ಟು ದೂರ ತಳ್ಳಿಸಿಕೊಂಡು ಹೊರಗೆ ಬಂದಿರಬಹುದು. ಇದೇ ತಳ್ಳಾಟಕ್ಕೆ ಕಪ್ಪುದ್ರವ್ಯವೂ ಸಿಗುತ್ತದೆ. ಕುಬ್ಜಗಳ ನಡುವೆ ಕಪ್ಪುದ್ರವ್ಯ ಎಣಿಸಿದ್ದಕ್ಕಿಂತ ತೆಳುವಾಗಿ ಯಾಕಿದೆ ಅನ್ನುವ ಪ್ರಶ್ನೆಗೆ ಇದು ಮುಖ್ಯ ಉತ್ತರಗಳಲ್ಲೊಂದು.

## ಕಾಣುವುದಕ್ಕಿಂತ ದೊಡ್ಡದು

ನಕ್ಷತ್ರಗಳ ಗಾತ್ರ ಒಂದಾದರೆ ಅನಿಲದ ಗಾತ್ರವೇ ಬೇರೆ. ಇದನ್ನು ಅಳೆಯುವುದರಲ್ಲಿ ನಮ್ಮ ದೇಶದ ದೊಡ್ಡ ಪಾಲಿದೆ. ಪುಣೆಯಿಂದ ಉತ್ತರಕ್ಕೆ, ನಾರಾಯಣಗಾಂವ್ ಬಳಿಯ ಖೋಡದ್ ಎಂಬಲ್ಲಿ ಜಿಎಂಆರ್‌ಟಿ ಎಂಬ ರೇಡಿಯೋ ದೂರದರ್ಶಕ ಇದೆ. 45 ಮೀಟರ್ ಅಗಲದ 30 ತಟ್ಟೆಗಳು ಒಟ್ಟಿಗೆ ಒಂದೇ ಕಡೆ ಕಿವಿಗೊಡುತ್ತವೆ. ಆಯೇಷಾ ಬೇಗಂ, ಜಯರಾಂ ಚೆಂಗಲೂರ್ ಮತ್ತು ರಷ್ಯಾದ ಇಗೋರ್ ಕರಾಚೆಂಟ್ಸೆವ್ ಇದನ್ನು ಬಳಸಿ ಮಂಕು ಕುಬ್ಜಗಳ ಹೈಡ್ರೋಜನ್ ನಕ್ಷೆಗಳನ್ನು ತಯಾರಿಸಿದರು.

ಅವರು 2005ರಲ್ಲಿ ವರದಿ ಮಾಡಿದ ಎನ್‌ಜಿಸಿ 3741 ನನಗೆ ಮರೆಯಲಾಗದ ಗೆಲಾಕ್ಸಿ. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ, ಸುಮಾರು 1 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಸಾಮಾನ್ಯ ಚಿತ್ರದಲ್ಲಿ ಒಂದು ನೀಲಿ ಮಚ್ಚೆ, ಅಷ್ಟೇ. ಹೈಡ್ರೋಜನ್ ನಕ್ಷೆಯಲ್ಲಿ ಮಾತ್ರ ಅದು ಆ ಮಚ್ಚೆಗಿಂತ ಎಂಟು ಪಟ್ಟಿಗೂ ದೂರ ಹರಡಿಕೊಂಡಿದೆ. ಇಡ್ಲಿ ಗಾತ್ರದ ಬೆಳಕಿನ ಸುತ್ತ ದೊಡ್ಡ ಹರಿವಾಣದಷ್ಟು ಅನಿಲ, ಸದ್ದಿಲ್ಲದೆ ತಿರುಗುತ್ತಾ ಇದೆ. ಹತ್ತಿರ ದೊಡ್ಡ ಗೆಲಾಕ್ಸಿ ಇದ್ದಿದ್ದರೆ ಇಂಥ ತೆಳುವಾದ ತಟ್ಟೆ ಉಳಿಯುತ್ತಲೇ ಇರಲಿಲ್ಲ.

ಆ ಹೊರ ಅನಿಲ ಸುಮ್ಮನೆ ಬಿದ್ದಿರುತ್ತದಾ? ಯಾವಾಗಲೂ ಇಲ್ಲ. 2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಒಂದು ನೇರಳಾತೀತ ದೂರದರ್ಶಕ ಇದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಹೊಸಕೋಟೆ ಆವರಣದಲ್ಲಿ ಅದನ್ನು ಜೋಡಿಸಿದರು. ತೇಜ್‌ಪುರ ವಿಶ್ವವಿದ್ಯಾಲಯ, ಪುಣೆಯ ಐಯುಕಾ ಎಂಬ ಖಗೋಳ ಸಂಶೋಧನಾ ಕೇಂದ್ರ ಮೊದಲಾದ ಕಡೆಯ ವಿಜ್ಞಾನಿಗಳು ಅದರಿಂದ 11 ನೀಲಿ ಕುಬ್ಜಗಳನ್ನು ನೋಡಿ, 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಗೆಲಾಕ್ಸಿಗಳು ನೂರು ಕೋಟಿ ಜ್ಯೋತಿರ್ವರ್ಷಕ್ಕಿಂತ ದೂರದವು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಗೆಲಾಕ್ಸಿ ಮುಗಿಯಿತು ಅನ್ನುವ ಜಾಗದ ಆಚೆಗೂ ನೇರಳಾತೀತ ಹೊಳಪು ಸಿಕ್ಕಿತು. ಅಂದರೆ ಅಂಚಿನಲ್ಲೇ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ಅನಿಲ ಮತ್ತು ನಕ್ಷತ್ರಗಳ ಆ ಗಂಟುಗಳು ಕಾಲಕ್ರಮೇಣ ನಡುವಿನ ಕಡೆ ಜಾರುತ್ತವೆ ಅನ್ನುವುದು ಅವರ ವಿವರಣೆ. ಗೆಲಾಕ್ಸಿ ಹೊರಗಿನಿಂದ ಒಳಕ್ಕೆ ತನ್ನನ್ನು ತಾನೇ ಕಟ್ಟಿಕೊಳ್ಳುತ್ತಿದೆ.

## ನಡುವೆ ಒಂದು ದೀರ್ಘ ಮೌನ

ವಿಶ್ವ ಹುಟ್ಟಿ 100 ಕೋಟಿ ವರ್ಷ ತುಂಬುವಷ್ಟರಲ್ಲಿ, ಮೊದಮೊದಲ ನಕ್ಷತ್ರ ಮತ್ತು ಗೆಲಾಕ್ಸಿಗಳ ಬೆಳಕು ಎಲ್ಲೆಡೆಯ ಹೈಡ್ರೋಜನನ್ನು ಕಾಯಿಸಿ, ಅದರ ಎಲೆಕ್ಟ್ರಾನುಗಳನ್ನು ಕಿತ್ತಿತ್ತು. ಅನಿಲದ ಬಿಸಿ 10 ಸಾವಿರ ಡಿಗ್ರಿಯ ಮಟ್ಟಕ್ಕೆ ಹೋಯಿತು. ಅಷ್ಟು ಬಿಸಿಯ ಅನಿಲವನ್ನು ಎಳೆದು ಹಿಡಿದಿಡುವ ತಾಕತ್ತು ತೀರಾ ಪುಟ್ಟ ಗೆಲಾಕ್ಸಿಗಳಿಗೆ ಇರಲಿಲ್ಲ. ಆಕಾಶಗಂಗೆಯ ಸುತ್ತಲಿನ ಅತಿ ಮಂಕು ಕುಬ್ಜಗಳು ಆ ಕಾಲದ ಸುಮಾರಿಗೆ ನಿಂತವು, ಮತ್ತೆ ಏಳಲಿಲ್ಲ.

ಒಂಟಿಯವು ಎದ್ದವು. ತಿಮಿಂಗಿಲ ಮಂಡಲದ ದಿಕ್ಕಿನಲ್ಲಿ, 30 ಲಕ್ಷ ಜ್ಯೋತಿರ್ವರ್ಷ ದೂರದ ಡಬ್ಲ್ಯೂಎಲ್ಎಂ ಗೆಲಾಕ್ಸಿಯನ್ನು ವೆಬ್ ಬಾಹ್ಯಾಕಾಶ ದೂರದರ್ಶಕ ಬಿಡಿ ಬಿಡಿ ನಕ್ಷತ್ರಗಳು ಕಾಣುವಷ್ಟು ಚೊಕ್ಕವಾಗಿ ಚಿತ್ರ ತೆಗೆದಿದೆ. ನಕ್ಷತ್ರಗಳ ಬಣ್ಣ ಮತ್ತು ಹೊಳಪು ನೋಡಿ ಅವುಗಳ ವಯಸ್ಸನ್ನು ಲೆಕ್ಕ ಹಾಕಬಹುದು. ಊರಿನ ಜನಗಣತಿ ಇದ್ದಂತೆ. ಯಾವ ವಯಸ್ಸಿನವರು ಎಷ್ಟಿದ್ದಾರೆ ಅಂತ ನೋಡಿದರೆ ಯಾವ ಕಾಲದಲ್ಲಿ ಹೆಚ್ಚು ಮಕ್ಕಳು ಹುಟ್ಟಿದರು, ಯಾವಾಗ ಹುಟ್ಟಲಿಲ್ಲ ಅನ್ನುವುದು ತಿಳಿಯುತ್ತದೆ. ಅಮೆರಿಕದ ಕ್ರಿಸ್ಟನ್ ಮೆಕ್ವಿನ್ ಅವರ ತಂಡ ಹೀಗೆ ಎಣಿಸಿದಾಗ, ಡಬ್ಲ್ಯೂಎಲ್ಎಂ ಶುರುವಿನಲ್ಲಿ ನಕ್ಷತ್ರ ಮಾಡಿ, ಬಹಳ ಕಾಲ ಸುಮ್ಮನಾಗಿ, ಮತ್ತೆ ಶುರು ಮಾಡಿದ್ದು ಕಂಡಿತು. 2024ರಲ್ಲಿ ಅದೇ ತಂಡ ಲಿಯೋ ಪಿಯಲ್ಲೂ ಅಂಥದೇ ಬಿಡುವು ಗುರುತಿಸಿತು. ಲಿಯೋ ಎ ಎಂಬ ಇನ್ನೊಂದು ಒಂಟಿ ಗೆಲಾಕ್ಸಿ ತನ್ನ ನಕ್ಷತ್ರಗಳಲ್ಲಿ ಶೇಕಡಾ 90ಕ್ಕಿಂತ ಹೆಚ್ಚನ್ನು ಕಳೆದ 800 ಕೋಟಿ ವರ್ಷದಲ್ಲಿ ಮಾಡಿದೆ ಅಂತ ಹಬಲ್ ಚಿತ್ರಗಳಿಂದ 2007ರಲ್ಲೇ ಗೊತ್ತಾಗಿತ್ತು.

ಹತ್ತಿರ ಕಿತ್ತುಕೊಳ್ಳುವವರು ಇಲ್ಲದಿದ್ದಾಗ ಅನಿಲಕ್ಕೆ ಮರಳಿ ಬರಲು ಪುರಸೊತ್ತು ಸಿಗುತ್ತದೆ. ವಿಶ್ವ ಹಿಗ್ಗಿ, ಸುತ್ತಲಿನ ಕಾವು ತಗ್ಗಿ, ಗೆಲಾಕ್ಸಿ ಕೊಂಚ ಭಾರವಾದ ಮೇಲೆ ಒಲೆ ಮತ್ತೆ ಹೊತ್ತಿಕೊಂಡಿದೆ ಅನ್ನುವುದು ಈಗಿನ ತಿಳಿವಳಿಕೆ.

## ನಿಯಮ ಮೀರಿದವು

ಒಂಟಿಯಾಗಿದ್ದೂ ನಂದಿಹೋದ ಕೆಲವು ಇವೆ. ಟುಕಾನಾ ಮತ್ತು ಸೀಟಸ್ ಎಂಬ ಕುಬ್ಜಗಳು ಇಂದು ದೊಡ್ಡ ಗೆಲಾಕ್ಸಿಗಳಿಂದ ದೂರದಲ್ಲಿವೆ, ಆದರೂ ಅವುಗಳಲ್ಲಿ ಅನಿಲ ಇಲ್ಲ, ನಕ್ಷತ್ರಗಳೆಲ್ಲ ಮುದಿ. ಇವು ಎಂದೋ ಒಮ್ಮೆ ದೊಡ್ಡ ಗೆಲಾಕ್ಸಿಯ ತೀರಾ ಹತ್ತಿರ ಹಾದು, ಅನಿಲ ಕಳೆದುಕೊಂಡು, ದೂರ ಚಿಮ್ಮಿರಬಹುದು ಅನ್ನುವುದು ಒಂದು ವಿವರಣೆ. 2024ರ ಶುರುವಿನಲ್ಲಿ ವೆಬ್ ಚಿತ್ರಗಳಲ್ಲಿ ಅಕಸ್ಮಾತ್ತಾಗಿ ಸಿಕ್ಕ ಪರ್ಲ್ಸ್‌ಡಿಜಿ ಇನ್ನೂ ಗಟ್ಟಿ ಒಗಟು. ಸುಮಾರು 9.8 ಕೋಟಿ ಜ್ಯೋತಿರ್ವರ್ಷ ದೂರ, ಪಕ್ಕದಲ್ಲಿ ಯಾರೂ ಇಲ್ಲ, ಹೊಸ ನಕ್ಷತ್ರವೂ ಇಲ್ಲ.

ಗಾತ್ರದಲ್ಲೂ ವಿಚಿತ್ರಗಳಿವೆ. 2015ರಲ್ಲಿ ಕೋಮಾ ಗೆಲಾಕ್ಸಿ ಗುಂಪಿನಲ್ಲಿ 47 ಮಂಕು ಗೆಲಾಕ್ಸಿಗಳು ಸಿಕ್ಕವು. ಕ್ಯಾಮೆರಾದ ಟೆಲಿಫೋಟೋ ಲೆನ್ಸುಗಳನ್ನೇ ಜೋಡಿಸಿ ಮಾಡಿದ ಡ್ರ್ಯಾಗನ್‌ಫ್ಲೈ ದೂರದರ್ಶಕ ಅವನ್ನು ಹಿಡಿದದ್ದು. ಹರವು ಆಕಾಶಗಂಗೆಯಷ್ಟು, ನಕ್ಷತ್ರಗಳು ಮಾತ್ರ ಅದರ ನೂರರಲ್ಲಿ ಒಂದು ಪಾಲೂ ಇಲ್ಲ. ಗುಂಪಿನೊಳಗೆ ಸಿಕ್ಕವು ಕೆಂಪಗೆ, ನಂದಿದಂಥವು. ಆಮೇಲೆ ಒಂಟಿ ಜಾಗಗಳಲ್ಲೂ ಇಂಥವು ಸಿಕ್ಕವು, ಅವುಗಳಲ್ಲಿ ಬಹಳಷ್ಟು ನೀಲಿ, ಅನಿಲ ತುಂಬಿದವು, ಇನ್ನೂ ನಕ್ಷತ್ರ ಹುಟ್ಟಿಸುತ್ತಿರುವವು. ಅವು ಅಷ್ಟು ಅಗಲವಾದದ್ದು ಹುಟ್ಟಿನಿಂದ ಬಂದ ಜೋರು ತಿರುಗುವಿಕೆಯಿಂದಲೋ, ಮತ್ತೆ ಮತ್ತೆ ಉಕ್ಕಿದ ಸೂಪರ್‌ನೋವಾಗಳಿಂದಲೋ ಎಂಬ ಚರ್ಚೆ ನಡೆಯುತ್ತಲೇ ಇದೆ. ಇಂಥವು ನಾಲ್ಕಾರು ಸಿಕ್ಕರೆ ಸಾಲದು, ಸಾವಿರಾರು ಬೇಕು. ರೂಬಿನ್ ಮೇಲೆ ಇಷ್ಟು ಆಸೆ ಇರುವುದು ಅದಕ್ಕೇ.

ಕೊನೆಗೆ ಮತ್ತೊಮ್ಮೆ ಲಿಯೋ ಪಿ. ಆ ಇಡೀ ಗೆಲಾಕ್ಸಿಯಲ್ಲಿ ಹೈಡ್ರೋಜನ್ ಕೆಂಪಗೆ ಹೊಳೆಯುವ ಜಾಗ ಒಂದೇ ಒಂದು. ಅದನ್ನು ಬೆಳಗುತ್ತಿರುವುದು ಸೂರ್ಯನಿಗಿಂತ ಇಪ್ಪತ್ತು ಪಟ್ಟಿಗೂ ಭಾರವಾದ ಒಂದು ನಕ್ಷತ್ರ. ಅಷ್ಟು ಭಾರದ ನಕ್ಷತ್ರದ ಆಯಸ್ಸು 1 ಕೋಟಿ ವರ್ಷದ ಆಸುಪಾಸು. ನಾವು ಇವತ್ತು ನೋಡುತ್ತಿರುವ ಅದರ ಬೆಳಕು ಹೊರಟದ್ದು 53 ಲಕ್ಷ ವರ್ಷದ ಹಿಂದೆ. ಅದು ಈಗಾಗಲೇ ಸಿಡಿದಿರಬಹುದು, ತಾನು ಬೇಯಿಸಿದ ಆಮ್ಲಜನಕದ ಹೆಚ್ಚಿನ ಪಾಲನ್ನು ಗೆಲಾಕ್ಸಿಯ ಆಚೆಗೆ ಎಸೆದಿರಬಹುದು. ಆ ಸುದ್ದಿ ಹೊರಟಿದ್ದರೆ, ಇನ್ನೂ ದಾರಿಯಲ್ಲಿದೆ.